ಕರೆಂಟ್ ಹೋದಾಗ ಮನೆ ಬೆಚ್ಚಗಿರಲು ಯಾವುದು? ವೆಂಟ್‌ಲೆಸ್, ಡೈರೆಕ್ಟ್ ವೆಂಟ್, ಜನರೇಟರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೆಂಟ್‌ಲೆಸ್ ಪ್ರೊಪೇನ್ ಫೈರ್‌ಪ್ಲೇಸಿಗೆ. ಅಂದರೆ ಹೊಗೆ ಕೊಳವೆ ಇಲ್ಲದೆ, ಸಿಲಿಂಡರ್ ಗ್ಯಾಸಿನಲ್ಲಿ ಕೋಣೆಯೊಳಗೇ ಉರಿಯುವ ಬೆಂಕಿಗೂಡು. ಚಿಮಣಿ ಬೇಡ, ಗೋಡೆ ಒಡೆಯುವುದು ಬೇಡ, ಕರೆಂಟೂ ಬೇಡ. ಚಳಿಗಾಲದಲ್ಲಿ ಕೆಲವೇ ದಿನ ಹಚ್ಚುವ ನಮ್ಮಂಥವರಿಗೆ ಇದೇ ಸರಿ. ಆದರೆ ಇದರಲ್ಲಿ ಒಂದು ತೊಂದರೆ ಇದೆ. ಅದನ್ನು ಕೊಳ್ಳುವ ಹೊತ್ತಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್ ಹತ್ತಿರ. ಮನೆಯಲ್ಲಿ ಒಲೆ, ಬಿಸಿನೀರು, ಹೀಟರ್ ಎಲ್ಲಾ ಕರೆಂಟಿನದ್ದೇ. 2021ರ ಫೆಬ್ರವರಿಯ ಚಳಿ ಬಿರುಗಾಳಿಯಲ್ಲಿ ಈ ರಾಜ್ಯದ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಗಿತ್ತು. ಸರ್ಕಾರದ ಲೆಕ್ಕದಲ್ಲೇ 246 ಜನ ತೀರಿಕೊಂಡರು. ಅವರೆಲ್ಲರೂ ಬರೀ ಚಳಿಗೆ ಸತ್ತವರಲ್ಲ. ಬೆಚ್ಚಗಾಗಲೆಂದು ಗ್ಯಾರೇಜಿನಲ್ಲಿ ಕಾರ್ ಚಾಲೂ ಇಟ್ಟು, ಮನೆಯೊಳಗೆ ಇದ್ದಿಲು ಉರಿಸಿ, ಕಾರ್ಬನ್ ಮಾನಾಕ್ಸೈಡ್‌ಗೆ ಬಲಿಯಾದವರೂ ಇದ್ದರು. ಆ ವರ್ಷವೇ ಕರೆಂಟ್ ಇಲ್ಲದೆ ನಡೆಯುವ ಹೀಟರ್ ಒಂದು ಮನೆಯಲ್ಲಿ ಇರಲೇಬೇಕು ಅಂತ ತೀರ್ಮಾನ ಮಾಡಿದೆವು. ನಾವು ವೆಂಟ್‌ಲೆಸ್ ಹಾಕಿಸಿದೆವು. ಅಕ್ಕ-ಭಾವ ಡೈರೆಕ್ಟ್ ವೆಂಟ್, ಅಂದರೆ ಹೊರಗೆ ಕೊಳವೆ ಇರುವ ಗ್ಯಾಸ್ ಫೈರ್‌ಪ್ಲೇಸ್ ಹಾಕಿಸಿದರು. ಗೆಳೆಯನೊಬ್ಬ ಜನರೇಟರ್ ತಂದ. 2023ರ ಫೆಬ್ರವರಿ ಶುರುವಿನಲ್ಲಿ ಐಸ್ ಮಳೆ ಬಂತು. ಇಲ್ಲಿನ ಲೈವ್ ಓಕ್ ಮರಗಳು ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ. ಎಲೆ ಎಲೆಗೂ ಐಸ್ ಕಟ್ಟಿ, ಭಾರ ತಡೆಯದೆ ಕೊಂಬೆಗಳು ಲೈನುಗಳ ಮೇಲೆ ಬಿದ್ದವು. ಮೂರರ ಬಂಡವಾಳವೂ ಆಗ ಗೊತ್ತಾಯಿತು.

ಜನರೇಟರ್ ವಿಷಯ ಬೇಗ ಮುಗಿಸುತ್ತೇನೆ. ಗೆಳೆಯನ ಮನೆಯಲ್ಲಿರುವುದು ಗ್ಯಾಸ್ ಫರ್ನೇಸ್, ಗ್ಯಾಸ್ ಉರಿಸಿ ಇಡೀ ಮನೆಗೆ ಬಿಸಿಗಾಳಿ ಊದುವ ಹೀಟರ್. ಅದರ ಫ್ಯಾನಿಗೆ ಮಾತ್ರ ಕರೆಂಟ್ ಬೇಕು, 2000 ವಾಟಿನ ಸಣ್ಣ ಜನರೇಟರ್ ಅದನ್ನು ಆರಾಮಾಗಿ ಓಡಿಸಿತು. ನಮ್ಮ ಮನೆಯ ಹೀಟರಿನೊಳಗಿನ ಹೀಟ್ ಸ್ಟ್ರಿಪ್‌ಗಳಿಗೇ (ಕರೆಂಟಿನಲ್ಲಿ ಕಾಯುವ ಸುರುಳಿಗಳು) 10 ಕಿಲೋವಾಟ್ ಬೇಕು, ಆ ಜನರೇಟರ್ ತಂದು ನಾವೇನು ಮಾಡುವುದು? ಮೇಲಾಗಿ ಅದನ್ನು ಮನೆಯಿಂದ 20 ಅಡಿ ದೂರ ಇಡಬೇಕು, ಐಸ್ ಮೇಲೆ ನಡೆದು ಹೋಗಿ ಪೆಟ್ರೋಲ್ ಹಾಕಬೇಕು. ನಿಮ್ಮದು ಗ್ಯಾಸ್ ಫರ್ನೇಸ್ ಆಗಿದ್ದರೆ ತೊಗೊಳ್ಳಿ, ಫ್ರಿಜ್ಜೂ ನಡೆಯುತ್ತದೆ. ನಮಗಲ್ಲ.

ಡೈರೆಕ್ಟ್ ವೆಂಟ್ ನಿಜಕ್ಕೂ ಒಳ್ಳೆಯ ವಸ್ತು. ಕೊಳವೆಯೊಳಗೆ ಕೊಳವೆ ಇರುತ್ತದೆ. ಹೊರಗಿನ ಗಾಳಿ ಒಂದರಲ್ಲಿ ಒಳಗೆ ಬರುತ್ತದೆ, ಸುಟ್ಟ ಗಾಳಿ ಇನ್ನೊಂದರಲ್ಲಿ ಹೊರಗೆ ಹೋಗುತ್ತದೆ. ಬೆಂಕಿ ಗಾಜಿನ ಹಿಂದೆ. ಕೋಣೆಯ ಗಾಳಿಗೂ ಆ ಬೆಂಕಿಗೂ ಸಂಬಂಧವೇ ಇಲ್ಲ. ಅಕ್ಕನ ಮಗನಿಗೆ ಉಬ್ಬಸ ಇದೆ. ವೆಂಟ್‌ಲೆಸ್ ಉರಿಯುವಾಗ ಒಂದಿಷ್ಟು ನೈಟ್ರೋಜನ್ ಡೈಆಕ್ಸೈಡ್ ಕೋಣೆಯಲ್ಲೇ ಉಳಿಯುತ್ತದೆ, ಉಬ್ಬಸದವರಿಗೆ ಅದು ಆಗುವುದಿಲ್ಲ. ಹಾಗಾಗಿ ಭಾವ ಹಾಕಿಸಿದ್ದು ಸರಿಯೇ. ಆದರೆ ಅವರಿಗೆ ಎಲ್ಲಾ ಸೇರಿ 5000 ಡಾಲರ್ ದಾಟಿತು. ನಮ್ಮದು ಮರದ ಮ್ಯಾಂಟಲ್ (ಫೈರ್‌ಪ್ಲೇಸಿನ ಸುತ್ತಿನ ಚೌಕಟ್ಟು), ಗ್ಯಾಸ್ ಲೈನ್, ಪರ್ಮಿಟ್ ಸೇರಿ ಅದರ ಅರ್ಧವೂ ಆಗಲಿಲ್ಲ. ಇನ್ನೊಂದು ಮಾತು: ಡೈರೆಕ್ಟ್ ವೆಂಟ್‌ನಲ್ಲಿ ಒಂದಷ್ಟು ಬಿಸಿ ಕೊಳವೆಯ ಜೊತೆ ಹೊರಗೆ ಹೋಗುತ್ತದೆ. ವೆಂಟ್‌ಲೆಸ್‌ನಲ್ಲಿ ಬಿಸಿ ಅಷ್ಟೂ ಮನೆಗೇ.

ಬಿಸಿ ಮಾತ್ರ ಅಲ್ಲ, ನೀರೂ ಮನೆಗೇ. ತೊಂದರೆ ಇರುವುದು ಇಲ್ಲೇ.

ಪ್ರೊಪೇನ್ ಉರಿದಾಗ ಅದರೊಳಗಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾವಿಯಾಗುತ್ತದೆ. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪ್ರೊಪೇನ್ ಉರಿದರೆ ಹೆಚ್ಚುಕಮ್ಮಿ 3 ಲೀಟರ್ ನೀರು. ನಮ್ಮದು ಗಂಟೆಗೆ 30,000 ಬಿಟಿಯು (ಬಿಸಿಯ ಅಳತೆ) ಕೊಡುವ ಫೈರ್‌ಪ್ಲೇಸ್, ಪೂರ್ತಿ ಉರಿಯಲ್ಲಿ ಒಂದು ಗ್ಯಾಲನ್‌ಗೆ 3 ಗಂಟೆ ಬರುತ್ತದೆ. ಅಂದರೆ ಗಂಟೆಗೊಂದು ಲೀಟರ್ ನೀರನ್ನು ಮನೆಯ ಹಾಲ್‌ನೊಳಗೆ ಕುದಿಸಿ ಆವಿ ಮಾಡಿದ ಹಾಗೆ. ಚಿಮಣಿ ಇದ್ದಿದ್ದರೆ ಅದು ಹೊರಗೆ ಹೋಗುತ್ತಿತ್ತು. ಇಲ್ಲಿ ಹೋಗಲು ದಾರಿ ಇಲ್ಲ.

ಐಸ್ ಮಳೆಯ ಮೊದಲ ಸಂಜೆ ಹಾಲ್ ಚೆನ್ನಾಗಿ ಬೆಚ್ಚಗಾಯಿತು. ರಾತ್ರಿ ಊಟದ ಹೊತ್ತಿಗೆ ಕಿಟಕಿ ಗಾಜು ಮಬ್ಬಾಗಿತ್ತು. ಆಮೇಲೆ ಹನಿಗಟ್ಟಿತು, ಹನಿಗಳು ಒಂದಕ್ಕೊಂದು ಸೇರಿ ಗೆರೆ ಗೆರೆಯಾಗಿ ಇಳಿದವು. ನಮ್ಮದು ಹಳೇ ಮನೆ, ಕಿಟಕಿಗೆ ಅಲ್ಯೂಮಿನಿಯಂ ಚೌಕಟ್ಟು, ಅದು ಹೊರಗಿನಷ್ಟೇ ತಣ್ಣಗಿರುತ್ತದೆ. ಚೌಕಟ್ಟಿನ ಕೆಳಗಿನ ಸಂದಿಯಲ್ಲಿ ನೀರು ನಿಂತು ಹಲಗೆಯ ಮೇಲೆ ಹರಿಯಿತು. ಹಳೇ ಪಂಚೆಯೊಂದನ್ನು ಹರಿದು ಕಿಟಕಿ ಕಿಟಕಿಗೂ ಉದ್ದಕ್ಕೆ ಹಾಸಿದೆವು. ಬೆಳಗ್ಗೆ ಹಿಂಡಿದರೆ ನೀರು ಸುರಿಯಿತು. ಡಬ್ಬದಲ್ಲಿದ್ದ ಅವಲಕ್ಕಿ ಚೂಡಾ ಮೆತ್ತಗಾಗಿತ್ತು.

ಹಾಲಿನ ಕಿಟಕಿ ಕಣ್ಣಿಗೆ ಕಾಣುತ್ತದೆ, ಒರೆಸಬಹುದು. ಕಾಣದ ಜಾಗವೇ ಕಷ್ಟ. ಆವಿ ಬೆಚ್ಚಗಿನ ಹಾಲಿನಲ್ಲೇ ಇರುವುದಿಲ್ಲ, ಬಾಗಿಲ ಸಂದಿಯಿಂದ ತಣ್ಣಗಿನ ಕೋಣೆಗಳಿಗೆ ನುಗ್ಗಿ ಅಲ್ಲಿ ನೀರಾಗುತ್ತದೆ. ಹೊರಗೋಡೆಗೆ ತಾಗಿಕೊಂಡಿದ್ದ ಬಟ್ಟೆ ಬೀರುವಿನ ಹಿಂದೆ, ಮಲಗುವ ಕೋಣೆಯ ಪರದೆಯ ಹಿಂದೆ ಕಪ್ಪು ಬೂಷ್ಟು ಸಾಸಿವೆ ಚೆಲ್ಲಿದ ಹಾಗೆ ಕಂಡದ್ದು ಕೆಲವು ದಿನ ಕಳೆದ ಮೇಲೆ. ತೇವ ತೆಗೆಯುವ ಮಷೀನ್ ಇದೆಯಲ್ಲ ಅನ್ನಬಹುದು. ಅದಕ್ಕೆ ಕರೆಂಟ್ ಬೇಕು. ಕರೆಂಟ್ ಇದ್ದಿದ್ದರೆ ಫೈರ್‌ಪ್ಲೇಸ್ ಹಚ್ಚುವುದೇ ಬೇಕಿರಲಿಲ್ಲ, ಅಲ್ವಾ?

ಈಗ ಹೀಗೆ ಮಾಡುತ್ತೇವೆ. ಉರಿ ಪೂರ್ತಿ ಏರಿಸುವುದಿಲ್ಲ. ಎರಡು ಗಂಟೆ ಹಚ್ಚಿ, ಒಂದು ಗಂಟೆ ಆರಿಸುತ್ತೇವೆ. ಹಚ್ಚಿರುವಾಗ ಅಡುಗೆಮನೆ ಕಿಟಕಿಯನ್ನು ಒಂದು ಇಂಚು ತೆರೆದಿಡುತ್ತೇವೆ. ಒಂದಿಷ್ಟು ಬಿಸಿ ಹೋಗುತ್ತದೆ, ಹೋಗಲಿ. ಒಳ್ಳೆಯ ಗಾಳಿಯೂ ಬರುತ್ತದೆ. ಬೀರುಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿದ್ದೇವೆ. ರಾತ್ರಿ ಎಲ್ಲರೂ ಹಾಲಿನಲ್ಲೇ ಹಾಸಿಗೆ ಹಾಸಿಕೊಳ್ಳುತ್ತೇವೆ, ಮಲಗುವ ಮುಂಚೆ ಬೆಂಕಿ ಆರಿಸುತ್ತೇವೆ. ಇಷ್ಟು ಮಾಡಿದರೆ ಗಾಜು ಮಬ್ಬಾಗುತ್ತದೆ, ಆದರೆ ನೀರು ಹರಿಯುವುದಿಲ್ಲ.

ವಾಸನೆಯ ಬಗ್ಗೆಯೂ ಒಂದು ಮಾತು. ಕೋಣೆಯ ಗಾಳಿಯಲ್ಲಿ ಏನಿರುತ್ತದೋ ಅದೆಲ್ಲಾ ಬೆಂಕಿಯೊಳಗೆ ಹೋಗುತ್ತದೆ. ಊದುಬತ್ತಿ ಹಚ್ಚಿದ ದಿನ ಗಂಧದ ಪರಿಮಳ ಹೋಗಿ ಸೀಮೆಎಣ್ಣೆಯಂಥ ಘಾಟು ಬಂತು. ನೆಲ ಒರೆಸುವ ಫಿನಾಯಿಲ್, ಹೊಸ ಪೇಂಟ್ ಎಲ್ಲಕ್ಕೂ ಇದೇ ಕಥೆ. ಬೆಂಕಿ ಹಚ್ಚಿದ ದಿನ ದೇವರ ಮುಂದೆ ಬರೀ ದೀಪ.

ಹಾಕಿಸುವಾಗ ಗೊತ್ತಿರಬೇಕಾದ್ದು ಇಷ್ಟು. ಕೋಣೆಯ ಅಳತೆ ಮೊದಲು. ಪ್ರತಿ 1000 ಬಿಟಿಯುಗೆ 50 ಘನ ಅಡಿ ಜಾಗ ಬೇಕು. 30,000ಕ್ಕೆ 1500 ಘನ ಅಡಿ, ಅಂದರೆ 8 ಅಡಿ ಎತ್ತರದ ಸೂರಿನ 12ಕ್ಕೆ 16 ಅಡಿ ಕೋಣೆ. ನಮ್ಮ ಹಾಲ್, ಅಡುಗೆಮನೆ ಒಂದೇ ಆಗಿರುವುದರಿಂದ ಅದಕ್ಕಿಂತ ಜಾಸ್ತಿಯೇ ಇದೆ. ಬೆಡ್‌ರೂಮಿನಲ್ಲಿ 10,000 ಬಿಟಿಯು ದಾಟುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರು ಈ ಆಸೆ ಬಿಡಿ, ಅಲ್ಲಿ ಮನೆಗೆ ವೆಂಟ್‌ಲೆಸ್ ಹೀಟರ್ ಮಾರುವುದೇ ನಿಷಿದ್ಧ. ಟೆಕ್ಸಸ್‌ನಲ್ಲಿ ಪ್ರೊಪೇನ್ ಕೆಲಸದವರಿಗೆ ಲೈಸೆನ್ಸ್ ಕೊಡುವುದು ರೈಲ್‌ರೋಡ್ ಕಮಿಷನ್. ಹೆಸರು ನೋಡಿ ತಬ್ಬಿಬ್ಬಾಗಬೇಡಿ, ಈಗ ಅದು ನೋಡಿಕೊಳ್ಳುವುದು ತೈಲ, ಗ್ಯಾಸ್ ವಿಷಯವನ್ನೇ. ಆ ಲೈಸೆನ್ಸ್ ಇದ್ದವರ ಕೈಲೇ ಲೈನ್ ಎಳೆಸಿ. ನಮ್ಮಲ್ಲಿಗೆ ಬಂದವರು ಜೋಡಣೆ ಜೋಡಣೆಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದಾ ಅಂತ ಟಾರ್ಚ್ ಹಿಡಿದು ನೋಡಿದರು.

ಸಿಲಿಂಡರ್ ಮನೆಯ ಹೊರಗೇ ಇರಬೇಕು, ಗ್ಯಾರೇಜಿನಲ್ಲೂ ಅಲ್ಲ. ನಮ್ಮದು 100 ಪೌಂಡಿನವು ಎರಡು. ಒಂದೊಂದರಲ್ಲೂ ಊರಿನ ಅಡುಗೆ ಸಿಲಿಂಡರ್ ಮೂರರಷ್ಟು ಗ್ಯಾಸ್. ಪೂರ್ತಿ ಉರಿಯಲ್ಲಿ ಒಂದಕ್ಕೆ 70 ಗಂಟೆ, ನಾವು ಹಚ್ಚುವ ರೀತಿಗೆ ಒಂದು ವಾರ.

ಈ ಫೈರ್‌ಪ್ಲೇಸಿನಲ್ಲಿ ಓಡಿಎಸ್ (ಆಮ್ಲಜನಕ ಕಮ್ಮಿಯಾದದ್ದನ್ನು ಗುರುತಿಸುವ ಸೆನ್ಸರ್) ಅನ್ನುವ ಪೈಲಟ್, ಅಂದರೆ ಪುಟ್ಟ ಜ್ವಾಲೆ ಇರುತ್ತದೆ. ಕೋಣೆಯ ಆಮ್ಲಜನಕ 18% ಹತ್ತಿರಕ್ಕೆ ಇಳಿದರೆ ತಾನೇ ಗ್ಯಾಸ್ ನಿಲ್ಲಿಸುತ್ತದೆ. ಅದೊಂದಿದೆ ಅಂತ ಸುಮ್ನೆ ಕೂರಬೇಡಿ. ಅದು ಅಳೆಯುವುದು ಆಮ್ಲಜನಕವನ್ನು, ಕಾರ್ಬನ್ ಮಾನಾಕ್ಸೈಡನ್ನಲ್ಲ. ಬ್ಯಾಟರಿಯ ಅಲಾರಂ ಬೇರೆಯೇ ಬೇಕು. ನಮ್ಮಲ್ಲಿ ಹಾಲಿಗೊಂದು, ಕೋಣೆಗಳ ಹೊರಗೊಂದು ಇದೆ. ಪೈಲಟ್‌ನ ಗಾಳಿ ತೂತಿಗೆ ಧೂಳು ಕೂತರೆ ನೀಲಿ ಜ್ವಾಲೆ ಹಳದಿಯಾಗುತ್ತದೆ, ಆಮೇಲೆ ಸುಮ್ಮಸುಮ್ಮನೆ ಆರುತ್ತದೆ.

ಮನೆಯಲ್ಲಿ ಉಬ್ಬಸದವರೋ ಕೈಕೂಸೋ ಇದ್ದರೆ, ಅಥವಾ ದಿನಾ ಸಂಜೆ ಬೆಂಕಿ ಮುಂದೆ ಕೂರುವ ಆಸೆ ಇದ್ದರೆ ಸಾಲ ಮಾಡಿಯಾದರೂ ಡೈರೆಕ್ಟ್ ವೆಂಟ್ ಹಾಕಿಸಿ. ನಮಗೆ ಎರಡೂ ಇಲ್ಲ. ಕಿಟಕಿ ಒರೆಸಲು ಬೇಸರವಿಲ್ಲ. ಉಳಿದ ದುಡ್ಡಿನಲ್ಲಿ ಈ ವರ್ಷ ಹಾಲಿನ ಅಲ್ಯೂಮಿನಿಯಂ ಕಿಟಕಿಗಳನ್ನು ತೆಗೆಸಿ ಎರಡು ಪದರದ ಗಾಜು ಹಾಕಿಸುತ್ತಿದ್ದೇವೆ. ಪೈಲಟ್‌ನ ಧೂಳನ್ನು ನವೆಂಬರಿನಲ್ಲೇ ಊದಿ ತೆಗೆಯಬೇಕು.