ಡೆಕಾಲ್ ಸೆಟ್ಟರ್, ಸಾಫ್ಟ್ನರ್: ಮಂಗಳೂರಿನ ಹವೆಯಲ್ಲಿ ಬಳಸಿ ನೋಡಿದ್ದು

ಡೆಕಾಲ್ ಅಂದರೆ ಪ್ಲಾಸ್ಟಿಕ್ ಮಾದರಿ ವಿಮಾನ, ವಾಹನಗಳ ಮೇಲೆ ನೀರಲ್ಲಿ ನೆನೆಸಿ ಕೂರಿಸುವ ತೆಳು ಚಿತ್ರ. ಸೆಟ್ಟರ್ ಅದನ್ನು ಅಂಟಿಸಲಿಕ್ಕೆ ನೆರವಾಗುವ ದ್ರವ, ಸಾಫ್ಟ್ನರ್ ಅದನ್ನು ಮೆತ್ತಗೆ ಮಾಡಿ ಕೆಳಗಿನ ಉಬ್ಬುತಗ್ಗಿಗೆ ಕೂರಿಸುವ ದ್ರವ. ಒಂದೇ ಬಾಟಲಿಗೆ ದುಡ್ಡಿದ್ದರೆ ಸಾಫ್ಟ್ನರನ್ನೇ ತಗೊಳ್ಳಿ. ಸೆಟ್ಟರಿನ ಕೆಲಸವನ್ನು ನೀರು ಬೆರೆಸಿದ ಬಿಳಿ ವಿನೆಗರ್ ಮುಕ್ಕಾಲು ಪಾಲು ಮಾಡಿಕೊಡ್ತದೆ. ಮೈಕ್ರೋಸ್ಕೇಲ್ ಕಂಪನಿಯ ಸೆಟ್ಟರ್ ಆದ ಮೈಕ್ರೋ ಸೆಟ್ಟಿನ ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವುದೂ ಅದೇ ಹುಳಿ ವಾಸನೆ.

ಕೆಲವು ವರ್ಷಗಳಿಂದ ನನ್ನ ಮೇಜಿನ ಮೇಲೆ ಇರುವುದು ಮೈಕ್ರೋಸ್ಕೇಲಿನ ಮೈಕ್ರೋ ಸೆಟ್ ಮತ್ತು ಮೈಕ್ರೋ ಸಾಲ್, ಮಿಸ್ಟರ್ ಹಾಬಿಯ ಮಾರ್ಕ್ ಸೆಟ್ಟರ್ ಮತ್ತು ಮಾರ್ಕ್ ಸಾಫ್ಟರ್, ಟಾಮಿಯಾ ಮಾರ್ಕ್ ಫಿಟ್ ಸ್ಟ್ರಾಂಗ್. ಇವುಗಳಲ್ಲಿ ಸಾಲ್, ಸಾಫ್ಟರ್, ಸ್ಟ್ರಾಂಗ್ ಮೂರೂ ಸಾಫ್ಟ್ನರುಗಳು. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಡೆಕಾಲ್ ಎಷ್ಟು ದಪ್ಪ ಉಂಟು ನೋಡಿ. ಇಟಲಿಯ ಕಾರ್ಟೋಗ್ರಾಫ್ ಮುದ್ರಿಸಿದ ತೆಳು ಹಾಳೆಗೆ ಮೈಕ್ರೋ ಸಾಲ್ ಸಾಕೋ ಸಾಕು. ಟಾಮಿಯಾ ಕಿಟ್ಟಿನ ದಪ್ಪ ಡೆಕಾಲ್ ಅದಕ್ಕೆ ಜಗ್ಗುವುದಿಲ್ಲ, ಅಲ್ಲಿ ಮಾರ್ಕ್ ಫಿಟ್ ಸ್ಟ್ರಾಂಗೇ ಆಗಬೇಕು.

ದಿನನಿತ್ಯಕ್ಕೆ ನನ್ನ ಕೈ ಹೋಗುವುದು ಮಾರ್ಕ್ ಸಾಫ್ಟರಿಗೆ. 1/72 ಅಳತೆಯ ಮಿಗ್-21 ಮಾದರಿಯ ರೆಕ್ಕೆ ಮೇಲೆ ವಾಯುಪಡೆಯ ಕೇಸರಿ-ಬಿಳಿ-ಹಸಿರು ಚಕ್ರ ಕೂರಿಸಿ ಇದನ್ನು ಸವರಿದೆ. ಸ್ವಲ್ಪ ಹೊತ್ತಿಗೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುಡಿತು. ಆಗ ಮುಟ್ಟಬಾರದು ಮಾರಾಯ್ರೆ, ಬೆರಳು ತಾಗಿದರೆ ಹರಿದೇ ಹೋಗ್ತದೆ. ಒಣಗುತ್ತಾ ತಾನಾಗಿಯೇ ಚಪ್ಪಟೆಯಾಗಿ, ಕೆಳಗಿನ ಪ್ಯಾನೆಲ್ ಗೆರೆ (ತಗಡಿನ ಜೋಡಣೆ ತೋರಿಸುವ ಗೀರು) ಕೇಸರಿಯ ಮೇಲೆ ಮೂಡಿ ಬಂತು.

ಮಾರ್ಕ್ ಸೆಟ್ಟರಿನಲ್ಲಿ ಅಂಟು ಉಂಟು. ಗೋಂದು ಹೋದ ಹಳೆಯ ಡೆಕಾಲಿಗೆ ಅದು ವರ. ಆದರೆ ಸುತ್ತ ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಕಲೆ ನಿಲ್ತದೆ.

ಮಳೆಗಾಲದಲ್ಲಿ ಇಲ್ಲಿ ಯಾವುದೂ ಬೇಗ ಒಣಗುವುದಿಲ್ಲ. ಜುಲೈಯಲ್ಲಿ ನಾನು ಸಾಫ್ಟ್ನರಿನ ಒಂದು ಕೋಟ್ ಹಚ್ಚಿ ರಾತ್ರಿಯಿಡೀ ಬಿಡ್ತೇನೆ, ಮರುದಿನವೇ ಎರಡನೆಯದು. ಬೇಗ ಒಣಗಲಿ ಅಂತ ಫ್ಯಾನ್ ಜೋರು ಮಾಡಿದರೆ ಸಣ್ಣ ಸ್ಟೆನ್ಸಿಲ್‌ಗಳು, ಅಂದರೆ ಪುಟ್ಟ ಅಕ್ಷರ-ಗುರುತಿನ ಡೆಕಾಲುಗಳು, ಜಾರಿ ಹೋಗ್ತವೆ. ಡೆಕಾಲ್ ಹಾಳೆಗಳನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿಡಿ.

ಡೆಕಾಲಿನಡಿ ಬೆಳ್ಳಿಯ ಹಾಗೆ ಹೊಳೆಯುವ ಸಿಲ್ವರಿಂಗಿಗೆ ಬಾಟಲಿಯನ್ನು ಬೈಯುವವರು ಜಾಸ್ತಿ. ತಪ್ಪು ಹೊಳಪಿಲ್ಲದ ಮ್ಯಾಟ್ ಬಣ್ಣದ್ದು: ಅದರ ತರಿಗಳ ನಡುವೆ ಗಾಳಿ ಸಿಕ್ಕಿಕೊಳ್ತದೆ. ಮೊದಲು ಹೊಳಪಿನ (ಗ್ಲಾಸಿ) ಕೋಟ್ ಹೊಡೆದು ಚೆನ್ನಾಗಿ ಒಣಗಿಸಿ. ಹಸಿ ಅಕ್ರಿಲಿಕ್ ಕೋಟಿನ ಮೇಲೆ ಸ್ಟ್ರಾಂಗ್ ಹಚ್ಚಿದರೆ ಬಣ್ಣವನ್ನೇ ತಿಂದೀತು. ಹೊಸ ಹಾಳೆ ಬಂದಾಗ ಬೇಡದ ಒಂದು ಸ್ಟೆನ್ಸಿಲನ್ನು ಹಳೆ ರೆಕ್ಕೆಯ ಮೇಲೆ ಹಾಕಿ ನೋಡಿ.

ಮಾರ್ಕ್ ಸಾಫ್ಟರಿಗೆ ಐದರಲ್ಲಿ ನಾಲ್ಕೂವರೆ, ಮುಚ್ಚಳದಲ್ಲೇ ಬ್ರಷ್ ಇರುವುದೂ ಸೇರಿ. ಮೈಕ್ರೋ ಸಾಲಿಗೆ ನಾಲ್ಕು, ಬ್ರಷ್ ನೀವೇ ಹುಡುಕಬೇಕು. ಸ್ಟ್ರಾಂಗಿಗೂ ನಾಲ್ಕು, ದಪ್ಪ ಡೆಕಾಲಿಗೆ ಮಾತ್ರ.