ಕಣ್ಣಿನ ಜೆಲ್ ಮಾಸ್ಕ್: ನಾಲ್ಕು ತಿಂಗಳು ಬಳಸಿದ ಮೇಲೆ

ನಾನು ಡಿಟಿಪಿ ಕೆಲಸ ಮಾಡುವವಳು. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಸಂಘಗಳ ವಾರ್ಷಿಕ ವರದಿ ಅಂತ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕಂಪ್ಯೂಟರ್ ಮುಂದೆಯೇ ಇರುತ್ತೇನೆ. ಎಲ್ಲಿ ಒತ್ತು ತಪ್ಪಿದೆ, ಎಲ್ಲಿ ದೀರ್ಘ ಬಿಟ್ಟುಹೋಗಿದೆ ಅಂತ ನೋಡಿ ನೋಡಿ, ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಿತ್ತು. ರಾತ್ರಿ ಉರಿ, ಹುಬ್ಬಿನ ಮೇಲೆ ನೋವು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ 250 ರೂಪಾಯಿ ಕೊಟ್ಟು ಜೆಲ್ ಮಾಸ್ಕ್ ತಂದೆ. ನೀಲಿ ಜೆಲ್ ತುಂಬಿದ ಪಟ್ಟಿ, ತಲೆಯ ಹಿಂದೆ ಅಂಟಿಸಿಕೊಳ್ಳಲು ವೆಲ್ಕ್ರೋ, ಅಷ್ಟೇ.

ಮೊದಲು ಎಲ್ಲರ ಹಾಗೆ ತಣ್ಣಗೆ ಮಾಡಿಯೇ ಬಳಸಿದೆ. ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು, ಹತ್ತು ನಿಮಿಷ ಕಣ್ಣ ಮೇಲೆ ಇಟ್ಟುಕೊಂಡರೆ ಹಾಯ್ ಅನ್ನಿಸುತ್ತದೆ. ರೆಪ್ಪೆ ಊದಿದ್ದರೆ, ತುರಿಕೆ ಇದ್ದರೆ ತಂಪು ನಿಜಕ್ಕೂ ಒಳ್ಳೆಯದು. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ರೆಪ್ಪೆಯ ಚರ್ಮ ತುಂಬಾ ತೆಳು, ಮಂಜುಗಡ್ಡೆಯಂಥ ಚಳಿ ತಡೆಯುವುದಿಲ್ಲ.

ನಾನು ತಂಪು ಮಾಡಿಕೊಳ್ಳುವುದನ್ನು ನೋಡಿ ಅತ್ತೆ, "ಅದಕ್ಯಾಕೆ ದುಡ್ಡು ಕೊಟ್ಟೆ, ಹಿತ್ತಲಲ್ಲಿ ನಂದಿಬಟ್ಟಲು ಬಿಟ್ಟಿಲ್ವೇನಮ್ಮ" ಅಂದರು. ಒಂದು ವಾರ ಅದನ್ನೂ ಮಾಡಿದೆ. ಬೆಳಿಗ್ಗೆ ಬಿಡಿಸಿದ ಹೂವನ್ನು ತೊಳೆದು, ಮುಚ್ಚಿದ ಕಣ್ಣ ಮೇಲೆ ಇಟ್ಟುಕೊಂಡು ಮಲಗುವುದು. ಮಾಸ್ಕ್ ಕೊಡುವಷ್ಟೇ ತಂಪು ಕೊಟ್ಟಿತು, ಜೊತೆಗೆ ಭಾರವಿಲ್ಲ. ಒಂದೇ ಎಚ್ಚರಿಕೆ, ತೊಟ್ಟಿನಿಂದ ಬರುವ ಬಿಳಿ ಹಾಲು ಕಣ್ಣಿಗೆ ಹೋಗಬಾರದು. ತೊಟ್ಟು ತೆಗೆದು, ಚೆನ್ನಾಗಿ ತೊಳೆದೇ ಇಟ್ಟುಕೊಳ್ಳಿ. ಸೌತೆಕಾಯಿ ಬಿಲ್ಲೆಯೂ ಅಷ್ಟೇ, ಅದರ ತಂಪೇ ಅದರ ಗುಣ. ಬರೀ ತಂಪು ಬೇಕು ಅನ್ನುವವರು 250 ರೂಪಾಯಿ ಉಳಿಸಿಕೊಳ್ಳಬಹುದು.

ಆದರೆ ಈ ಮಾಸ್ಕ್‌ನ ನಿಜವಾದ ಉಪಯೋಗ ನನಗೆ ಗೊತ್ತಾಗಿದ್ದು ಕಣ್ಣಿನ ಡಾಕ್ಟರ್ ಹತ್ತಿರ ಹೋದ ಮೇಲೆ. ನೋಡಿದವರೇ, ಕಣ್ಣು ಒಣಗುತ್ತಿದೆ, ಬಿಸಿ ಶಾಖ ಕೊಡಿ ಅಂದರು. ನನಗೆ ಆಶ್ಚರ್ಯ, ಉರಿಯುವ ಕಣ್ಣಿಗೆ ಶಾಖವಾ? ಅವರು ಬಿಡಿಸಿ ಹೇಳಿದರು. ರೆಪ್ಪೆಯ ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ, ಆ ಎಣ್ಣೆ ಕಣ್ಣೀರಿನ ಮೇಲೆ ತೆಳ್ಳಗೆ ಹರಡಿಕೊಂಡು ಅದು ಬೇಗ ಆರದ ಹಾಗೆ ಕಾಯುತ್ತದೆ. ಚಳಿಗಾಲದಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಹೇಗೆ ಹೆಪ್ಪುಗಟ್ಟುತ್ತದೋ ಹಾಗೆ ಆ ಎಣ್ಣೆಯೂ ಗಟ್ಟಿಯಾಗಿಬಿಟ್ಟರೆ ಹೊರಗೆ ಬರುವುದಿಲ್ಲ, ಶಾಖ ಕೊಟ್ಟರೆ ಕರಗುತ್ತದೆ. ಈಗ ರಾತ್ರಿ ಮಾಸ್ಕನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಮುಳುಗಿಸಿ, ಒರೆಸಿ, ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಹದವಾಗಿದ್ದರೆ ಹತ್ತು ನಿಮಿಷ ಇಟ್ಟುಕೊಳ್ಳುತ್ತೇನೆ. ಆಮೇಲೆ ರೆಪ್ಪೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಸವರುವುದು. ಮೂರನೇ ವಾರಕ್ಕೆ ಬೆಳಗಿನ ಉರಿ ಸುಮಾರಾಗಿ ನಿಂತಿತು. ಬಟ್ಟೆ ಅದ್ದಿ ಹಿಂಡಿ ಇಟ್ಟರೂ ಆಗುತ್ತದೆ, ಆದರೆ ಬಟ್ಟೆ ಬೇಗ ಆರುತ್ತದೆ, ಜೆಲ್ ಜಾಸ್ತಿ ಹೊತ್ತು ಶಾಖ ಹಿಡಿದಿಡುತ್ತದೆ. ಇದಕ್ಕಾಗಿ ಮಾತ್ರ ಇದನ್ನು ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಆದರೂ ಹಗಲಿನ ಆಯಾಸಕ್ಕೆ ಮಾಸ್ಕ್ ಏನೂ ಮಾಡುವುದಿಲ್ಲ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ, ಪರದೆ ನೋಡುವಾಗ ಅದು ಅರ್ಧಕ್ಕೂ ಕಡಿಮೆ ಆಗಿಬಿಡಬಹುದು. ಕಣ್ಣು ಒಣಗದೆ ಇನ್ನೇನು? 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು ಅನ್ನುವುದನ್ನು ನೀವೂ ಕೇಳಿರುತ್ತೀರಿ. ನನಗೆ ಅಂಗಡಿ ಎದುರಿನ ಹೊಂಗೆ ಮರವೇ ಆ 20 ಅಡಿ. ಒಂದು ಪುಟ ಮುಗಿದರೆ ಒಮ್ಮೆ ಮರ ನೋಡುತ್ತೇನೆ, ಬೇಕೆಂದೇ ನಾಲ್ಕೈದು ಸಲ ಕಣ್ಣು ಪೂರ್ತಿ ಮುಚ್ಚಿ ತೆರೆಯುತ್ತೇನೆ. ಮಾನಿಟರನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಳಿಸಿದೆ, ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದಿರುತ್ತದೆ, ಅಷ್ಟು ಕಡಿಮೆ ಆರುತ್ತದೆ. ಮುಖಕ್ಕೆ ನೇರವಾಗಿ ಬೀಸುತ್ತಿದ್ದ ಟೇಬಲ್ ಫ್ಯಾನನ್ನು ಕಾಲ ಕಡೆಗೆ ತಿರುಗಿಸಿದೆ. ಫ್ಯಾನ್ ತಿರುಗಿಸಿದ್ದರಿಂದ ಸಿಕ್ಕ ಆರಾಮ ಮೊದಲ ದಿನವೇ ಗೊತ್ತಾಯಿತು.

ಪರದೆಯ ನೀಲಿ ಬೆಳಕನ್ನು ತಡೆಯುವ ಬ್ಲೂ ಕಟ್ ಗಾಜಿನ ಕನ್ನಡಕಕ್ಕೂ ದುಡ್ಡು ಹಾಕಿದ್ದೆ, ಅಂಗಡಿಯವರು ಆಯಾಸವೇ ಆಗುವುದಿಲ್ಲ ಅಂದಿದ್ದರು. ನನಗೆ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿಯೂ, ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸ ಇದರಿಂದ ಕಡಿಮೆಯಾಗುವುದು ಅನುಮಾನ ಅಂತಲೇ ಹೇಳಿದೆ. ನನ್ನ ಹುಬ್ಬಿನ ನೋವಿಗೆ ಕಾರಣ ಬೇರೆಯೇ ಇತ್ತು, ಚಾಳೀಸು. ನಲವತ್ತೆರಡಾಯಿತಲ್ವಾ, ಹತ್ತಿರದ್ದನ್ನು ಓದಲು ಸರಿಯಾದ ಪವರ್ ಹಾಕಿಸಿದ ಮೇಲೆ ಅದು ಹೋಯಿತು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಲೇಬೇಕು. ಪನ್ನೀರು, ಜೇನುತುಪ್ಪ, ಹರಳೆಣ್ಣೆ, ಯಾವುದನ್ನೂ ಸುಮ್ನೆ ಕಣ್ಣೊಳಗೆ ಬಿಡಬೇಡಿ. ಅಂಗಡಿಯ ಪನ್ನೀರು ಕಣ್ಣಿಗೆಂದು ಶುದ್ಧ ಮಾಡಿದ್ದಲ್ಲ, ಸೋಂಕು ತಗುಲಬಹುದು. ನಾನು ಒಮ್ಮೆ ಹಾಕಿಕೊಂಡು ಎರಡು ದಿನ ಕಣ್ಣು ಕೆಂಪಾಗಿತ್ತು. ದೃಷ್ಟಿ ಮಂಜಾದರೆ, ಬೆಳಕು ನೋಡಲು ಆಗದಷ್ಟು ನೋವಿದ್ದರೆ ಮನೆಮದ್ದು ಬಿಟ್ಟು ಆ ದಿನವೇ ಡಾಕ್ಟರ್ ಹತ್ತಿರ ಹೋಗಿ.

ಮಾಸ್ಕ್‌ನ ದೋಷ ಅಂದರೆ ಹೊಲಿಗೆ. ಎರಡನೇ ತಿಂಗಳಿಗೇ ವೆಲ್ಕ್ರೋ ಪಟ್ಟಿ ಕಿತ್ತು ಬಂತು, ನಾನೇ ಹೊಲಿದುಕೊಂಡೆ. ಚರ್ಮಕ್ಕೆ ತಾಗುವ ಬದಿ ಬರೀ ಪ್ಲಾಸ್ಟಿಕ್, ಬಿಸಿ ಮಾಡಿದಾಗ ಬೆವರುತ್ತದೆ, ಅದಕ್ಕೆ ತೆಳು ಕರ್ಚೀಫ್ ಸುತ್ತಬೇಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ಒಳಬದಿಗೆ ಬಟ್ಟೆ ಇರುವಂಥದ್ದು ಎಲ್ಲಾದರೂ ಸಿಕ್ಕರೆ ಹೇಳಿ, ಅತ್ತೆಗೂ ಒಂದು ಬೇಕಂತೆ.