ಹಳೆ ಪಿಸಿ ಬೇಗ ಏಳಬೇಕಾದರೆ: ಫಾರ್ಮ್ಯಾಟ್, ರ‍್ಯಾಮ್, ಲಿನಕ್ಸ್, ಎಸ್‌ಎಸ್‌ಡಿ

ನಮ್ಮ ಮನೆಯ ಡೆಸ್ಕ್‌ಟಾಪ್‌ಗೆ ಹತ್ತು ವರ್ಷ ದಾಟಿದೆ. ಮೂರನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಮೇಲೆ ವಿಂಡೋಸ್ 10. ಒಮ್ಮೆ ಎದ್ದು ಕೂತರೆ ಕೆಲಸಕ್ಕೇನೂ ತೊಂದರೆ ಇಲ್ಲ. ಏಳುವುದೇ ದೊಡ್ಡ ಕತೆ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಮಳೆ ಗಾಳಿ ಬಂದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ, ಯುಪಿಎಸ್ ಬ್ಯಾಟರಿ ಸತ್ತು ಕಾಲವಾಗಿದೆ. ಹಾಗಾಗಿ ಒಂದೇ ದಿನದಲ್ಲಿ ಈ ಕತೆ ಮತ್ತೆ ಮತ್ತೆ ಶುರುವಾಗುತ್ತದೆ.

ರಿಪೇರಿ ಅಂಗಡಿಯಲ್ಲಿ ಮೊದಲು ಬರುವ ಮಾತು ಒಂದೇ: "ಸಾರ್, ಫಾರ್ಮ್ಯಾಟ್ ಮಾಡಿಬಿಡೋಣ, ಹೊಸದರ ಥರ ಆಗುತ್ತೆ." ಗೆಳೆಯರು ರ‍್ಯಾಮ್ ಹಾಕಿಸು ಅನ್ನುತ್ತಾರೆ. ಅಣ್ಣನ ಮಗ "ಲಿನಕ್ಸ್ ಹಾಕಿ ಚಿಕ್ಕಪ್ಪ, ವಿಂಡೋಸ್ ಸಹವಾಸವೇ ಬೇಡ" ಅಂದ. ಎಲ್ಲವನ್ನೂ ಇದೇ ಯಂತ್ರದ ಮೇಲೆ ಮಾಡಿ ನೋಡಿದೆ.

ಅಳೆದ ರೀತಿ ಮೊದಲು ಹೇಳಬೇಕು. ಡೆಸ್ಕ್‌ಟಾಪ್ ಚಿತ್ರ ಕಂಡ ತಕ್ಷಣ ಗಡಿಯಾರ ನಿಲ್ಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಚಿತ್ರ ಬಂದ ಮೇಲೂ ಡಿಸ್ಕ್ ಗರಗರ ಅನ್ನುತ್ತಲೇ ಇರುತ್ತದೆ, ಏನು ಒತ್ತಿದರೂ ತೆರೆಯುವುದಿಲ್ಲ. ಅದಕ್ಕೇ ಬಟನ್ ಒತ್ತಿದಾಗಿನಿಂದ ಬ್ರೌಸರ್‌ನಲ್ಲಿ ಒಂದು ಪುಟ ಪೂರ್ತಿ ಬರುವವರೆಗೆ ಮೊಬೈಲಿನ ಸ್ಟಾಪ್‌ವಾಚ್ ಓಡಿಸಿದೆ. ಏನೂ ಮಾಡದೆ ಇದ್ದಾಗ ಡೆಸ್ಕ್‌ಟಾಪ್ ಕಾಣಲು ಒಂದೂವರೆ ನಿಮಿಷ, ಪುಟ ತೆರೆಯುವ ಹೊತ್ತಿಗೆ ನಾಲ್ಕು ನಿಮಿಷ ದಾಟುತ್ತಿತ್ತು. ವಿಂಡೋಸ್ ಕೂಡ ಒಂದು ಲೆಕ್ಕ ಇಟ್ಟಿರುತ್ತದೆ. ಈವೆಂಟ್ ವ್ಯೂವರ್‌ನ ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್ ಲಾಗ್‌ನಲ್ಲಿ 100ನೇ ನಂಬರಿನ ಈವೆಂಟ್ ನೋಡಿ. ಬೂಟ್ ಆಗಲು ಹಿಡಿದ ಸಮಯ ಮಿಲಿಸೆಕೆಂಡ್‌ನಲ್ಲಿ ಸಿಗುತ್ತದೆ. ಯಾವ ಪ್ರೋಗ್ರಾಂ ತಡ ಮಾಡಿತು ಅನ್ನುವುದು 101ರಲ್ಲಿ.

ಇಲ್ಲಿ ಒಂದು ತೊಡಕಿದೆ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ವಿಂಡೋಸ್‌ನ ತಿರುಳಾದ ಕರ್ನಲ್ ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮುಂದಿನ ಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಮೊದಲಿನಿಂದ. ಕರೆಂಟ್ ಹೋಗಿ ಆಫ್ ಆದರೂ ಹಾಗೇ, ಬರೆದಿಡಲು ಅದಕ್ಕೆ ಹೊತ್ತೇ ಸಿಕ್ಕಿರುವುದಿಲ್ಲ. ಕೆಲವು ದಿನ ಬೇಗ, ಕೆಲವು ದಿನ ತಡ ಯಾಕೆ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಿ. ಹೋಲಿಕೆ ಸಮ ಇರಲಿ ಅಂತ ನಾನು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಟ್ಟೆ. ದಿನಬಳಕೆಯಲ್ಲಿ ಹಳೆ ಹಾರ್ಡ್ ಡಿಸ್ಕ್ ಇರುವವರು ಅದನ್ನು ಆನ್ ಇಟ್ಟುಕೊಳ್ಳುವುದೇ ಲಾಭ.

ಕಾಸು ಖರ್ಚಿಲ್ಲದ ಮದ್ದಿನಿಂದ ಶುರು ಮಾಡಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್. ಅದರಲ್ಲಿ ಸ್ಟಾರ್ಟಪ್ ಅನ್ನುವ ಟ್ಯಾಬ್. ನಮ್ಮದರಲ್ಲಿ ಜಾತ್ರೆಯೇ ನೆರೆದಿತ್ತು: ಯಾರೂ ಬಳಸದ ಚಾಟ್ ಆಪ್, ಟೊರೆಂಟ್, ಪ್ರಿಂಟರ್‌ನ ಅಪ್‌ಡೇಟರ್, ಯಾವುದೋ ಹಳೆ ಫೋನಿನ ಸಿಂಕ್ ತಂತ್ರಾಂಶ, ಜೊತೆಗೆ ಅವಧಿ ಮುಗಿದ ಆಂಟಿವೈರಸ್. ಆಂಟಿವೈರಸ್ ತೆಗೆದುಹಾಕಿ ವಿಂಡೋಸ್‌ನ ಡಿಫೆಂಡರ್ ಒಂದನ್ನೇ ಉಳಿಸಿಕೊಂಡೆ, ಮಿಕ್ಕಿದ್ದನ್ನು ಡಿಸೇಬಲ್ ಮಾಡಿದೆ. ಡೆಸ್ಕ್‌ಟಾಪ್ ಕಾಣುವ ಸಮಯ ಅಷ್ಟೇನೂ ಬದಲಾಗಲಿಲ್ಲ, ಆದರೆ ಪುಟ ತೆರೆಯುವುದು ಮೂರು ನಿಮಿಷಕ್ಕೆ ಇಳಿಯಿತು. ಬಿಟ್ಟಿ ಸಿಕ್ಕ ಒಂದು ನಿಮಿಷ.

ಯೂಟ್ಯೂಬ್‌ನಲ್ಲಿ ಓಡಾಡುವ ಇನ್ನೊಂದು ಉಪಾಯ ಇದೆಯಲ್ಲ, ಎಂಎಸ್‌ಕಾನ್ಫಿಗ್‌ಗೆ ಹೋಗಿ ಪ್ರೊಸೆಸರ್‌ಗಳ ಸಂಖ್ಯೆಗೆ ಟಿಕ್ ಹಾಕುವುದು, ಅದು ಸುಮ್ನೆ. ವಿಂಡೋಸ್ ಇರುವ ಎಲ್ಲ ಕೋರ್‌ಗಳನ್ನೂ ಮೊದಲೇ ಬಳಸುತ್ತಿರುತ್ತದೆ. ಆ ಸೆಟ್ಟಿಂಗ್ ಇರುವುದು ಪರೀಕ್ಷೆಗಾಗಿ ಕೋರ್‌ ಕಡಿಮೆ ಮಾಡಲು. ರಿಜಿಸ್ಟ್ರಿ ಕ್ಲೀನರ್‌ಗಳ ಹತ್ತಿರವೂ ಹೋಗಬೇಡಿ.

ವಿಂಡೋಸ್ ಲೋಗೋ ಬರುವುದಕ್ಕೂ ಮೊದಲೇ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಅಂತ ಕೇಳುತ್ತಿದ್ದರೆ, ದಿನಾಂಕ ಹಳೆಯದಕ್ಕೆ ಓಡಿಹೋಗುತ್ತಿದ್ದರೆ, ಅದು ಬೇರೆಯೇ ರೋಗ. ಮದರ್‌ಬೋರ್ಡ್‌ನ ಬಿಲ್ಲೆ ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಈಗ ಫಾರ್ಮ್ಯಾಟ್ ವಿಷಯ. ಇದನ್ನು ಪೂರ್ತಿ ಬೈಯುವ ಹಾಗಿಲ್ಲ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದಾಗ ಸಮಯ ಎರಡು ನಿಮಿಷದ ಸ್ವಲ್ಪ ಮೇಲಕ್ಕೆ ಬಂತು. ಆದರೆ ಯುಗಾದಿ ಹೊತ್ತಿಗೆ ಹಾಕಿದ್ದು, ದಸರಾ ಬರುವಷ್ಟರಲ್ಲಿ ಮತ್ತೆ ಮೂರು ನಿಮಿಷ. ಅಪ್‌ಡೇಟ್‌ಗಳು ಬಂದವು, ಪ್ರಿಂಟರ್ ಡ್ರೈವರ್ ಬಂತು, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಬಂತು, ಮಗಳ ಪ್ರಾಜೆಕ್ಟಿಗೆ ಬೇಕಾದದ್ದೆಲ್ಲ ಬಂತು. ಜೊತೆಗೆ ಬ್ಯಾಕಪ್ ತೆಗೆಯುವ, ಪಾಸ್‌ವರ್ಡ್ ಹುಡುಕುವ ತಲೆನೋವು. ಅಂಗಡಿಯವರು "ಸಿ ಡ್ರೈವ್ ಮಾತ್ರ ಹೋಗುತ್ತೆ ಸಾರ್" ಅಂತ ಧೈರ್ಯ ಹೇಳುತ್ತಾರೆ, ಸರಿ. ಆದರೆ ನಮ್ಮಲ್ಲಿ ಬಹಳ ಜನ ಫೋಟೋ, ಪತ್ರ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಟ್ಟಿರುತ್ತಾರೆ. ಡೆಸ್ಕ್‌ಟಾಪ್ ಇರುವುದೇ ಸಿ ಡ್ರೈವ್‌ನಲ್ಲಿ, ಅಲ್ವಾ? ವೈರಸ್ ಹೊಕ್ಕಿದ್ದರೆ ಫಾರ್ಮ್ಯಾಟ್ ಸರಿ. ತಡವಾಗಿ ಶುರುವಾಗುತ್ತದೆ ಅನ್ನುವ ಒಂದೇ ದೂರಿಗೆ ನಾನಂತೂ ಮಾಡಿಸುವುದಿಲ್ಲ.

ರ‍್ಯಾಮ್ ನಿರಾಸೆ ಮಾಡಿತು. ಇನ್ನೊಂದು 4 ಜಿಬಿ ಡಿಡಿಆರ್3 ಸ್ಟಿಕ್ ಹಾಕಿ 8 ಮಾಡಿದರೂ ಉಳಿದದ್ದು ಹತ್ತು ಸೆಕೆಂಡ್‌ನಷ್ಟು. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ನಿಜ. ಶುರುವಾಗುವಾಗ ಅಲ್ಲ. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಜಾಸ್ತಿ ಹಾಕಿದ್ದು ಅದರ ಕಣ್ಣಿಗೇ ಬೀಳುವುದಿಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ.

ಇದಕ್ಕೆಲ್ಲ ಕಾರಣ ಟಾಸ್ಕ್ ಮ್ಯಾನೇಜರ್‌ನಲ್ಲೇ ಕಾಣುತ್ತಿತ್ತು. ಶುರುವಾದ ಮೊದಲ ನಿಮಿಷಗಳಲ್ಲಿ ಸಿಪಿಯು ಆರಾಮಾಗಿ ಕೂತಿದೆ, ರ‍್ಯಾಮ್ ಪೂರ್ತಿ ತುಂಬಿಲ್ಲ, ಡಿಸ್ಕ್ ಮಾತ್ರ 100 ಪರ್ಸೆಂಟ್. ನಮ್ಮ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೇ 8 ಮಿಲಿಸೆಕೆಂಡ್ ಬೇಕು, ಓದುವ ಮುಳ್ಳು ಜಾಗಕ್ಕೆ ಸರಿಯಲು ಇನ್ನಷ್ಟು. ಹಾಗಾಗಿ ಚದುರಿದ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಎತ್ತಬಲ್ಲದು. ವಿಂಡೋಸ್ ಏಳುವಾಗ ಕೇಳುವುದೋ ಸಾವಿರಾರು ಸಣ್ಣ ಸಣ್ಣ ತುಣುಕು. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಒಂದು ಸಾಲು, ಕುಂಕುಮ ಇನ್ನೊಂದು ಸಾಲು, ಬಾಳೆಹಣ್ಣು ಮತ್ತೊಂದು ಮೂಲೆ, ಒಬ್ಬನೇ ಓಡಾಡಿ ಒಂದೊಂದೇ ತರುತ್ತಾನೆ ಅಂದುಕೊಳ್ಳಿ. ಅವನಿಗೆ ದೊಡ್ಡ ಚೀಲ ಕೊಟ್ಟರೆ ಏನು ಬಂತು?

ಲಿನಕ್ಸ್ ಈ ಓಡಾಟವನ್ನೇ ಕಡಿಮೆ ಮಾಡುತ್ತದೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಅದೇ ಹಳೆ ಹಾರ್ಡ್ ಡಿಸ್ಕ್‌ನಲ್ಲಿ ಒಂದೂಕಾಲು ನಿಮಿಷಕ್ಕೆ ಪುಟ ತೆರೆದಿತ್ತು. ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ "ಇದೂ ನಿಧಾನ" ಅನ್ನಬೇಡಿ, ಅದು ಪೆನ್‌ಡ್ರೈವ್‌ನ ವೇಗ. ತಡ ಎಲ್ಲಿ ಆಯಿತು ಅಂತ ತಿಳಿಯಲು ಟರ್ಮಿನಲ್‌ನಲ್ಲಿ ಸಿಸ್ಟಂಡಿ-ಅನಲೈಜ್ ಬ್ಲೇಮ್ ಅನ್ನುವ ಆಜ್ಞೆ ಕೊಟ್ಟರೆ ಒಂದೊಂದು ಸರ್ವಿಸ್ ಎಷ್ಟು ಸೆಕೆಂಡ್ ತಿಂದಿತು ಅನ್ನುವ ಪಟ್ಟಿಯೇ ಬರುತ್ತದೆ. ವಿಂಡೋಸ್‌ನಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ, ಇದು ನನಗೆ ಬಹಳ ಹಿಡಿಸಿತು.

ಆದರೆ ಈ ಕಂಪ್ಯೂಟರ್ ಜಾಸ್ತಿ ಬಳಸುವವರು ನಮ್ಮ ಮಾವ. ಸಂಘದ ನಡಾವಳಿ, ಪತ್ರ ಎಲ್ಲ ವರ್ಷಗಳಿಂದ ನುಡಿಯಲ್ಲೇ ಹೊಡೆದಿಟ್ಟಿದ್ದಾರೆ, ಅದೂ ಯೂನಿಕೋಡ್‌ಗೆ ಮೊದಲಿನ ಫಾಂಟ್‌ನಲ್ಲಿ. ಲಿನಕ್ಸ್‌ನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಕೊಂಬು ಬಾಲ ಇರುವ ರೋಮನ್ ಅಕ್ಷರಗಳ ಗೋಜಲು. "ಇದೇನಪ್ಪ, ಎಲ್ಲ ಅಳಿಸಿಹೋಯ್ತಾ?" ಅಂತ ಗಾಬರಿಯಾದರು. ನುಡಿಯ ಫಾಂಟ್ ಫೈಲುಗಳನ್ನು ತಂದು ಹಾಕಿದ ಮೇಲೆ ಓದಲು ಬಂತು. ಹೊಸದಾಗಿ ಟೈಪ್ ಮಾಡಲು, ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ, ಬೆರಳಿಗೆ ಅಭ್ಯಾಸ ತಪ್ಪುವುದಿಲ್ಲ, ಆದರೆ ಮೂಡುವುದು ಯೂನಿಕೋಡ್. ಹಳೆ ಪತ್ರ ತಿದ್ದಲು ಹೋದರೆ ಅರ್ಧ ಒಂದು ಥರ, ಅರ್ಧ ಇನ್ನೊಂದು ಥರ. ನಮ್ಮ ಹಳೆ ಲೇಸರ್ ಪ್ರಿಂಟರ್ ಕೂಡ ಮುನಿಸಿಕೊಂಡಿತು. ಬ್ರೌಸರ್, ಇಮೇಲ್, ವಿಡಿಯೋ ಇಷ್ಟೇ ಸಾಕು ಅನ್ನುವ ಮನೆಗೆ ನಾನು ಲಿನಕ್ಸ್ ಧಾರಾಳವಾಗಿ ಹೇಳುತ್ತೇನೆ. ನಮ್ಮ ಮನೆಗೆ ಆಗಲಿಲ್ಲ. ವಿಂಡೋಸ್ ಜೊತೆಯಲ್ಲೇ ಇಟ್ಟುಕೊಳ್ಳುವವರು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಇಲ್ಲದಿದ್ದರೆ ವಿಂಡೋಸ್ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.

ಕೊನೆಗೆ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಬದಲು ಹಾಕುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್. 240 ಜಿಬಿಯ ಸಾಟಾ ಎಸ್‌ಎಸ್‌ಡಿ ನಾನು ತಂದಾಗ ಎರಡು ಸಾವಿರದ ಒಳಗಿತ್ತು. ಈಚೆಗೆ ಬೆಲೆ ಏರಿದೆ, ದೇವರಾಜ ಅರಸು ರಸ್ತೆಯ ಕಡೆ ಎರಡು ಅಂಗಡಿ ವಿಚಾರಿಸಿ. ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ತುಣುಕು ಎತ್ತುತ್ತದೆ. ಫಾರ್ಮ್ಯಾಟ್ ಕೂಡ ಮಾಡದೆ, ಕ್ಲೋನ್‌ಜಿಲ್ಲಾ ಬಳಸಿ ಇದ್ದ ವಿಂಡೋಸನ್ನೇ ನಕಲು ಮಾಡಿಕೊಂಡೆ. ಡಿಸ್ಕ್ 500ರದ್ದು, ಎಸ್‌ಎಸ್‌ಡಿ 240ರದ್ದು, ಹಾಗಾಗಿ ಮೊದಲು ಪಾರ್ಟಿಷನ್ ಕುಗ್ಗಿಸಬೇಕಾಯಿತು. ಅದೇ ಕಷ್ಟದ ಭಾಗ. ಡೆಸ್ಕ್‌ಟಾಪ್ ಇಪ್ಪತ್ತೈದು ಸೆಕೆಂಡ್‌ಗೆ, ಪುಟ ನಲವತ್ತು ಸೆಕೆಂಡ್ ಒಳಗೆ. ಮಾವನಿಗೆ ಒಂದು ಐಕಾನ್ ಕೂಡ ಜಾಗ ಬದಲಿಸಿರಲಿಲ್ಲ.

ಅಂಗಡಿಯಲ್ಲಿ "ನಿಮ್ಮ ಬೋರ್ಡ್ ಹಳೇದು, ಪೂರ್ತಿ ಸ್ಪೀಡ್ ಬರಲ್ಲ" ಅನ್ನಬಹುದು. ಹಳೆಯ 3 ಜಿಬಿಪಿಎಸ್ ಸಾಟಾ ಪೋರ್ಟ್‌ನಲ್ಲಿ ಗರಿಷ್ಠ ವೇಗ ಅರ್ಧಕ್ಕೆ ಇಳಿಯುವುದು ನಿಜ. ಬೂಟ್‌ಗೆ ಬೇಕಾದದ್ದು ಸಣ್ಣ ತುಣುಕುಗಳನ್ನು ಬೇಗ ಹುಡುಕುವ ಶಕ್ತಿ, ಅದಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಡೆಸ್ಕ್‌ಟಾಪ್ ಇದ್ದವರು ಒಂದು ಸಾಟಾ ಕೇಬಲ್ ಮರೆಯದೆ ತನ್ನಿ. ಹೊಸದಾಗಿ ವಿಂಡೋಸ್ ಹಾಕುವುದಾದರೆ ಮೊದಲೇ ಬಯೋಸ್‌ನಲ್ಲಿ ಸಾಟಾ ಡ್ರೈವ್ ನಡೆಸುವ ವಿಧಾನ ಎಎಚ್‌ಸಿಐ ಅಂತ ಇದೆಯೇ ನೋಡಿ. ಹಾಕಿದ ಮೇಲೆ ಬದಲಿಸಿದರೆ ವಿಂಡೋಸ್ ಏಳದೇ ಇರಬಹುದು.

ಒಂದು ವಿಷಯವನ್ನು ಮಾತ್ರ ಎಸ್‌ಎಸ್‌ಡಿ ಬಗೆಹರಿಸುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ನೋಂದಾಯಿಸುವ ಅವಕಾಶ ಕೊಟ್ಟರು, ನಾವು ಅದರಲ್ಲಿದ್ದೇವೆ. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ. ನಮ್ಮ ಮೂರನೇ ತಲೆಮಾರಿಗೆ ಅಲ್ಲಿ ಜಾಗ ಇಲ್ಲ. ಅಪ್‌ಡೇಟ್ ನಿಂತ ಮೇಲೆ ಇದೇ ಎಸ್‌ಎಸ್‌ಡಿ ಮೇಲೆ ಮಿಂಟ್ ಹಾಕುವುದು ಅಂತ ಮನೆಯಲ್ಲಿ ಮಾತಾಗಿದೆ. ಅಷ್ಟರೊಳಗೆ ಮಾವನ ಹಳೆ ಪತ್ರಗಳನ್ನು ಯೂನಿಕೋಡ್‌ಗೆ ತಿರುಗಿಸಬೇಕು, ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಒತ್ತಕ್ಷರ ಕೆಲವು ಕಡೆ ಕೆಡುತ್ತವೆ, ಒಂದೊಂದು ಪುಟವನ್ನೂ ಕಣ್ಣಾಡಿಸಿ ನೋಡಲೇಬೇಕು. ಆ ಕೆಲಸ ಮಗಳಿಗೆ ವಹಿಸಿದ್ದೇವೆ, ಪುಟಕ್ಕೆ ಇಷ್ಟು ಅಂತ ತಾತನ ಹತ್ತಿರ ಚೌಕಾಸಿ ನಡೆಸಿದ್ದಾಳೆ.